450 ಪೌಂಡಿನ ಎಕ್ಸೆಸ್, ಅಡುಗೆಮನೆಯ ಮಹಜರು

ಗ್ಯಾರೇಜಿನ ಹುಡುಗ ಕಾರ್ಡ್ ಮೆಷಿನ್ ನನ್ನ ಮುಂದೆ ಇಟ್ಟು "450 ಪೌಂಡ್" ಅಂದ. 2023ರ ಜನವರಿ, ಹೊರಗೆ ಸಣ್ಣಗೆ ಮಳೆ. ಕಾರು ರಿಪೇರಿಯಾಗಿ ನಿಂತಿತ್ತು. ಬಲಗಡೆಯ ಮುಂದಿನ ಬಾಗಿಲು ಹೊಸದು, ಫೆಂಡರ್ ಹೊಸದು, ಕನ್ನಡಿ ಹೊಸದು. ಹಳೇ ಬಣ್ಣ ಎಲ್ಲಿ ಮುಗಿದು ಹೊಸ ಬಣ್ಣ ಎಲ್ಲಿ ಶುರುವಾಗಿದೆ ಅಂತ ಬೆರಳಾಡಿಸಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ಉಳಿದ ಬಿಲ್ಲನ್ನೆಲ್ಲ ಇನ್ಶೂರೆನ್ಸ್ ಕಂಪನಿ ಕಟ್ಟಿತ್ತು. ಈ 450 ಮಾತ್ರ ನನ್ನ ಪಾಲು. ಕಾರ್ಡ್ ತೋರಿಸಿದೆ, ರಸೀದಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡೆ. ತಪ್ಪು ಎದುರಿನವರದು, ದುಡ್ಡು ಹೇಗೂ ವಾಪಸ್ ಬರುತ್ತೆ ಅಂತ ನಂಬಿಕೊಂಡೇ ಮನೆಗೆ ಬಂದೆ.

ಬರುವುದಕ್ಕೆ 14 ತಿಂಗಳು ಹಿಡಿಯಿತು. ಪೂರ್ತಿಯೂ ಬರಲಿಲ್ಲ. ಆ ಕಥೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಗ್ಲೆಂಡಿಗೆ ಬಂದು ಕಾರು ಓಡಿಸುತ್ತಿರುವ ನಮ್ಮ ಜನ ತುಂಬ ಇದ್ದಾರೆ. ಎಕ್ಸೆಸ್ ವಿಷಯದಲ್ಲಿ ಅವರಲ್ಲಿ ಹೆಚ್ಚಿನವರು "ಹೋಗಲಿ ಬಿಡು" ಅಂತ ಸುಮ್ಮನಾಗಿರುವುದನ್ನು ನಾನೇ ಕೇಳಿದ್ದೇನೆ.

ಎಕ್ಸೆಸ್ ಅಂದರೆ ಕ್ಲೇಮಿನಲ್ಲಿ ನಮ್ಮ ಕೈಯಿಂದ ಹಾಕಬೇಕಾದ ಮೊದಲ ಮೊತ್ತ. ಊರಲ್ಲೂ ಇದು ಇದೆ. 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಗ್ಯಾರೇಜಿನವರು ಫೈಲ್ ಚಾರ್ಜು ಅಂತಾರಲ್ಲ, ಅದೇ. ಸಾವಿರ ರೂಪಾಯಿಗೋಸ್ಕರ ಯಾರೂ ಜಗಳಕ್ಕೆ ಹೋಗುವುದಿಲ್ಲ. ಇಲ್ಲಿ ಹಾಗಲ್ಲ. ಕಂಪನಿ ತಾನೇ ನಿಗದಿ ಮಾಡುವುದು ಒಂದು ಪಾಲು, ಪ್ರೀಮಿಯಂ ಕಡಿಮೆಯಾಗಲಿ ಅಂತ ನಾವೇ ಒಪ್ಪಿಕೊಳ್ಳುವುದು ಇನ್ನೊಂದು ಪಾಲು. ನನ್ನದರಲ್ಲಿ 200 ಅವರದು, 250 ನಾನು ಒಪ್ಪಿಕೊಂಡದ್ದು. ತಪ್ಪು ಯಾರದೇ ಇರಲಿ, ಸ್ವಂತ ಪಾಲಿಸಿಯಲ್ಲಿ ರಿಪೇರಿ ಮಾಡಿಸಿದರೆ ಮೊದಲು ಕಟ್ಟಲೇಬೇಕು. ಆಮೇಲೆ ತಪ್ಪಿತಸ್ಥರ ಕಡೆಯಿಂದ ವಸೂಲಿ ಮಾಡಿಕೊಳ್ಳುವುದು ನಮ್ಮ ಜವಾಬ್ದಾರಿ. ಕಂಪನಿಯ ಕೆಲಸ ಅದು ಕೊಟ್ಟ ದುಡ್ಡನ್ನು ವಾಪಸ್ ತರುವುದು. ನಾವು ಕೊಟ್ಟದ್ದನ್ನು ತರುವ ಹೊಣೆ ಅದರ ಮೇಲಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಆ ವಸೂಲಿಗೆ ವಕೀಲರನ್ನು ಕೊಡುವ ಲೀಗಲ್ ಕವರ್ ಅಂತ ಬೇರೆಯೇ ಒಂದು ಸಿಗುತ್ತದೆ. ಪಾಲಿಸಿ ಮಾಡಿಸುವಾಗ ನಾನು ಅದನ್ನು ತೆಗೆದುಕೊಂಡಿರಲಿಲ್ಲ.

ಅಪಘಾತ ಆದದ್ದು 2022ರ ನವೆಂಬರಿನಲ್ಲಿ, ಸಂಜೆ ನಾಲ್ಕೂ ಕಾಲರ ಹೊತ್ತಿಗೆ. ನಾವು ಇರುವುದು ಸ್ವಿಂಡನ್‌ನಲ್ಲಿ. ರೌಂಡ್‌ಅಬೌಟಿಗೆ ಹೆಸರಾದ ಊರು ಇದು. 1972ರಲ್ಲಿ ಕಟ್ಟಿದ ಮ್ಯಾಜಿಕ್ ರೌಂಡ್‌ಅಬೌಟ್ ಇಲ್ಲೇ ಇರುವುದು. ನಡುವೆ ಒಂದು ವೃತ್ತ, ಸುತ್ತ ಐದು ಪುಟ್ಟ ವೃತ್ತ, ಒಳಗಿನ ಸುತ್ತಿನಲ್ಲಿ ಗಾಡಿಗಳು ಉಲ್ಟಾ ತಿರುಗುತ್ತವೆ. ಮೊದಲ ಸಲ ಅದನ್ನು ದಾಟಿದ ದಿನ ನನ್ನ ಕೈ ನಡುಗಿತ್ತು. ನನಗೆ ಅಪಘಾತ ಆದದ್ದು ಅಲ್ಲಲ್ಲ. ಮನೆಯಿಂದ ಎರಡು ಮೈಲಿ ದೂರದ, ದಿನಾ ಹೋಗುವ, ಏನೂ ವಿಶೇಷವಿಲ್ಲದ ಒಂದು ರೌಂಡ್‌ಅಬೌಟಿನಲ್ಲಿ.

ಅಲ್ಲಿಗೆ ಸೇರುವ ರಸ್ತೆಯಲ್ಲಿ ಎರಡು ಲೇನ್. ಎಡಗಡೆಯದು ಎಡಕ್ಕೆ ಮತ್ತು ನೇರಕ್ಕೆ. ಬಲಗಡೆಯದು ಬಲಕ್ಕೆ ಮಾತ್ರ. ರಸ್ತೆ ಮೇಲೆ ಬಾಣ ಬರೆದಿದ್ದಾರೆ, ಬಲಗಡೆಯ ಬಾಣ ಅರ್ಧ ಅಳಿಸಿಹೋಗಿದೆ. ನಾನು ಎಡ ಲೇನಿನಲ್ಲಿದ್ದೆ, ನೇರ ಹೋಗಬೇಕಿತ್ತು. ವೃತ್ತದೊಳಗೆ ಸೇರಿ ಇನ್ನೇನು ನನ್ನ ದಾರಿಗೆ ಬಿದ್ದೆ ಅನ್ನುವಾಗ ಬಲಗಡೆಯಿಂದ ಒಂದು ಬೂದು ಬಣ್ಣದ ಕಾರು ನನ್ನ ಬಾಗಿಲಿಗೆ ಒರೆಸಿಕೊಂಡು ಮುಂದೆ ಬಂತು. ಕರ್ ಅಂತ ಉದ್ದದ ಸದ್ದು. ಆಮೇಲೆ ಕನ್ನಡಿ ಒಡೆದ ಸದ್ದು. ಅವರಿಗೂ ನೇರವೇ ಹೋಗಬೇಕಿತ್ತಂತೆ.

ಇಳಿದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಪಕ್ಕದಲ್ಲಿ ಹೆಂಡತಿ. ಮೂವರಿಗೂ ಏನೂ ಆಗಿರಲಿಲ್ಲ, ದೇವರ ದಯೆ. ನನ್ನ ಬಾಯಿಂದ ಬಂದ ಮೊದಲ ಮಾತು "ಸಾರಿ, ನೀವು ಆರಾಮಾಗಿದ್ದೀರಾ?" ಅನ್ನುವುದು. ಈ ದೇಶದಲ್ಲಿ ಹತ್ತು ವರ್ಷ ಇದ್ದರೆ ಆ ಸಾರಿ ತಾನಾಗಿ ಬರುತ್ತದೆ. ಹೆಸರು, ವಿಳಾಸ, ಗಾಡಿ ನಂಬರು, ಇನ್ಶೂರೆನ್ಸ್ ವಿವರ ಬದಲಾಯಿಸಿಕೊಂಡೆವು. ಅವರು ಮೆಲ್ಲಗೆ, ಸಿಟ್ಟಿಲ್ಲದೆ, "ನೀವು ನನ್ನ ಲೇನಿಗೆ ಬಂದುಬಿಟ್ಟಿರಿ" ಅಂದರು. ನಾನು "ಇಲ್ಲ, ನೀವು ಬಂದಿರಿ" ಅಂದೆ. ಅಷ್ಟೇ. ನಿಂತು ನೋಡಿದವರು ಯಾರೂ ಇರಲಿಲ್ಲ. ಇಬ್ಬರ ಕಾರಿನಲ್ಲೂ ಡ್ಯಾಶ್‌ಕ್ಯಾಮ್ ಇರಲಿಲ್ಲ.

ಅವರು ಸುಳ್ಳು ಹೇಳಿದರು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅವರು ಕಂಡದ್ದು ಹಾಗೆಯೇ. ನಾನು ಕಂಡದ್ದು ಹೀಗೆ.

ಕಾರನ್ನು ಪಕ್ಕಕ್ಕೆ ತೆಗೆಯುವ ಮೊದಲು ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಹತ್ತರ ಹೊತ್ತು. ಅಪ್ಪ ಹಾಸನದ ಕಡೆ 31 ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಯಾಕೆ ಅವರಿಗೇ ಮೊದಲು ಮಾಡಿದೆ ಅಂತ ಕೇಳಿದರೆ ಹೇಳಲಾರೆ. ಕೈ ತಾನಾಗಿ ಅವರ ನಂಬರು ಒತ್ತಿತ್ತು.

"ನಿಂಗೇನೂ ಆಗಿಲ್ವಲ್ಲ ಪುಟ್ಟಿ?"

"ಇಲ್ಲಪ್ಪ."

"ಪೊಲೀಸ್ ಬಂದ್ರಾ?"

"ಇಲ್ಲಿ ಯಾರಿಗೂ ಪೆಟ್ಟಾಗದೆ ಇದ್ರೆ ಅವ್ರು ಬರಲ್ಲ ಅಪ್ಪ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಹಂಗಾದ್ರೆ ಮಹಜರು ಯಾರು ಮಾಡ್ತಾರೆ? ನೀನೇ ಮಾಡ್ಬೇಕು ಕಣಮ್ಮ. ಗಾಡಿ ಎತ್ಬೇಡ. ಚಕ್ರ ಎಲ್ಲಿ ನಿಂತೈತೆ ನೋಡು. ಗಾಜು ಎಲ್ಲಿ ಬಿದ್ದೈತೆ ನೋಡು. ಮನುಷ್ಯ ಏನಾದ್ರೂ ಹೇಳ್ತಾನೆ, ಗಾಜು ಬಿದ್ದ ಜಾಗ ಬದಲಾಗಲ್ಲ."

ಹಿಂದೆ ಬರುತ್ತಿದ್ದ ಗಾಡಿಗಳು ಸುತ್ತಿ ಹೋಗುತ್ತಿದ್ದವು. ಹಜಾರ್ಡ್ ಲೈಟ್ ಹಾಕಿ ಎರಡು ನಿಮಿಷದಲ್ಲಿ ಫೋಟೋ ತೆಗೆದೆ. ದೂರದಿಂದ ಎರಡು, ಹತ್ತಿರದಿಂದ ಎಂಟು. ಅದರಲ್ಲಿ ಒಂದು ಫೋಟೋ ಆಮೇಲೆ ನನ್ನನ್ನು ಉಳಿಸಿತು. ನನ್ನ ಎಡಗಡೆಯ ಮುಂದಿನ ಟೈರು, ಅದರ ಪಕ್ಕ ರಸ್ತೆಯಂಚಿನ ಕಲ್ಲು. ನಡುವೆ ಒಂದು ಗೇಣು ಜಾಗವೂ ಇಲ್ಲ. ಆ ಸಂದಿಯಲ್ಲಿ ಒಂದು ಹಳದಿ ಎಲೆ ಒದ್ದೆಯಾಗಿ ಅಂಟಿಕೊಂಡಿದೆ. ಇನ್ನೊಂದರಲ್ಲಿ ಒಡೆದ ಕನ್ನಡಿಯ ಚೂರು ಮತ್ತು ಇಂಡಿಕೇಟರಿನ ಕಿತ್ತಳೆ ಪ್ಲಾಸ್ಟಿಕ್, ಲೇನ್ ಗೆರೆಯಿಂದ ನನ್ನ ಕಡೆಗೆ.

ರಾತ್ರಿ ಮಗಳ ಸ್ಕೂಲಿನಿಂದ ಬಂದಿದ್ದ ಒಂದು ಹಾಳೆಯ ಹಿಂಬದಿಯಲ್ಲಿ ನಕ್ಷೆ ಬರೆದೆ. ಅಡುಗೆಮನೆಯ ಟೇಬಲ್ಲಿನ ಮೇಲೆ, ಅಪ್ಪ ವೀಡಿಯೋ ಕಾಲಿನಲ್ಲಿ ಒಂದೊಂದೇ ಹೇಳುತ್ತ ಹೋದರು. ರಸ್ತೆ ಎಷ್ಟು ಅಗಲ, ಎಷ್ಟು ಲೇನು, ಬಾಣ ಯಾವ ಕಡೆ, ಗಾಡಿ ಮೊದಲು ಎಲ್ಲಿತ್ತು, ತಾಗಿದ್ದು ಎಲ್ಲಿ, ನಿಂತಿದ್ದು ಎಲ್ಲಿ, ರಸ್ತೆ ಒದ್ದೆಯೋ ಒಣಗಿತ್ತೋ. ಕೊನೆಗೆ ತಾರೀಕು, ಹೊತ್ತು, ಸಹಿ. "ಪಂಚರ ಸಹಿ ಇಲ್ಲ, ಏನ್ ಮಾಡಕ್ಕಾಗತ್ತೆ" ಅಂತ ಅವರು ನೊಂದುಕೊಂಡರು. ಅದೇ ಹಾಳೆಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಂಪನಿಗೆ ಕಳಿಸಿದೆ.

ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಮಾರ್ಚ್ ಕೊನೆಯಲ್ಲಿ ನನ್ನ ಕಂಪನಿಯಿಂದ ಒಂದು ಇಮೇಲ್. ಎದುರು ಕಡೆಯವರು ತಪ್ಪು ಒಪ್ಪಿಕೊಂಡಿಲ್ಲ, ಸ್ವತಂತ್ರ ಸಾಕ್ಷಿ ಇಲ್ಲ, ಆದ್ದರಿಂದ 50-50 ಅಂತ ಮುಗಿಸಲು ಯೋಚಿಸಿದ್ದೇವೆ. ಎದುರಿನವರ ಹೇಳಿಕೆಯ ಪ್ರತಿಯೂ ಜೊತೆಗಿತ್ತು. ಅದರ ಕೊನೆಯ ಸಾಲಿನಲ್ಲಿ, ಅಪಘಾತ ಆದ ಕೂಡಲೇ ಆಕೆ ಕ್ಷಮೆ ಕೇಳಿದರು ಅಂತಿತ್ತು.

ಆ ಸಾಲು ಓದಿ ನನಗೆ ಅಳುವೇ ಬಂತು. ಆರಾಮಾಗಿದ್ದೀರಾ ಅಂತ ಕೇಳಿದ ಮಾತು ಅದು.

50-50 ಅನ್ನುವುದು ಕೇಳಲು ನ್ಯಾಯದ ಹಾಗಿದೆ. ಆದರೆ ಆ ರೌಂಡ್‌ಅಬೌಟಿನಲ್ಲಿ ಅರ್ಧ ಅರ್ಧ ಆಗುವಂಥದ್ದು ಏನೂ ನಡೆದಿರಲಿಲ್ಲ. ಒಬ್ಬರು ಲೇನ್ ಬಿಟ್ಟು ಬಂದಿದ್ದರು, ಒಬ್ಬರು ಬಿಟ್ಟಿರಲಿಲ್ಲ. ಎರಡು ಕಂಪನಿಗಳಿಗೆ ದಿನಕ್ಕೆ ಇಂಥವು ನೂರಾರು ಬರುತ್ತವೆ. ಒಂದೊಂದಕ್ಕೂ ವಕೀಲರನ್ನು ಇಟ್ಟು ಕೂತರೆ ಅವರಿಗೆ ಗಿಟ್ಟುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಪಾಲಿಸಿಯಲ್ಲೇ ಬರೆದಿರುತ್ತಾರೆ, ಕ್ಲೇಮನ್ನು ಹೇಗೆ ಮುಗಿಸಬೇಕು ಅನ್ನುವ ಅಧಿಕಾರ ಕಂಪನಿಯದು ಅಂತ. ಆದರೆ ಅವರು ಹಾಗೆ ಮುಗಿಸಿದರೆ ನನ್ನ ಎಕ್ಸೆಸ್ ಅರ್ಧ ಹೋಯಿತು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ಸ್ ಬೋನಸ್ಸಿಗೂ ಪೆಟ್ಟು. ಮುಂದೆ ಐದು ವರ್ಷ, ಯಾವ ಕಂಪನಿ ಅಪಘಾತದ ವಿವರ ಕೇಳಿದರೂ ನನ್ನದೂ ತಪ್ಪಿತ್ತು ಅಂತ ನಾನೇ ಬರೆದುಕೊಡಬೇಕು. ಅದು ನನ್ನ ಹೊಟ್ಟೆಗೆ ಹೋಗಲಿಲ್ಲ.

ಕಂಪನಿಗೆ ಒಂದು ಪತ್ರ ಬರೆದೆ. ಫೋನಿನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಫೈಲಿನಲ್ಲಿ ಉಳಿಯುತ್ತದೆ. ಟೈರಿನ ಫೋಟೋ, ಗಾಜಿನ ಫೋಟೋ, ಬಾಗಿಲಿನ ಗೀರಿನ ಫೋಟೋ ಮೂರನ್ನೂ ಮತ್ತೆ ಕಳಿಸಿ ಒಂದೊಂದರ ಕೆಳಗೆ ಒಂದೊಂದು ಸಾಲು ಬರೆದೆ. ಗೀರು ಹಿಂದಿನಿಂದ ಮುಂದಕ್ಕೆ ಹೋಗಿದೆ. ಅಂದರೆ ಅವರು ನನಗಿಂತ ಜಾಸ್ತಿ ವೇಗದಲ್ಲಿ ನನ್ನನ್ನು ದಾಟುತ್ತಿದ್ದರು. ಲೇನ್ ಬದಲಾಯಿಸುವವರು ಬೇರೆಯವರ ದಾರಿಗಾಗಲಿ ವೇಗಕ್ಕಾಗಲಿ ತೊಂದರೆ ಕೊಡಬಾರದು ಅಂತ ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡಿನ 133ನೇ ನಿಯಮ ಹೇಳುತ್ತದೆ. ಅದನ್ನೂ ಸೇರಿಸಿದೆ. ಸಾರಿ ಅಂದದ್ದರ ಬಗ್ಗೆ 2006ರ ಕಾಂಪೆನ್ಸೇಶನ್ ಆಕ್ಟಿನ 2ನೇ ಸೆಕ್ಷನ್ ಸಿಕ್ಕಿತು. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಾಗುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಓದಿದ ರಾತ್ರಿ ನನಗೆ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ದೂರು ಕೊಟ್ಟರೆ ಕಂಪನಿಗೆ ಉತ್ತರಿಸಲು 8 ವಾರ ಇರುತ್ತದೆ. ಆಮೇಲೂ ಸಮಾಧಾನ ಆಗದಿದ್ದರೆ ಇಂಥ ದೂರುಗಳನ್ನು ನೋಡುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ನಮಗೆ ಖರ್ಚಿಲ್ಲ. ಆದರೆ ತಪ್ಪು ಯಾರದು ಅಂತ ಅವರು ತೀರ್ಮಾನ ಮಾಡುವುದಿಲ್ಲ. ಕಂಪನಿ ಸಾಕ್ಷಿಗಳನ್ನು ಸರಿಯಾಗಿ ನೋಡಿ ನಿರ್ಧಾರಕ್ಕೆ ಬಂತೋ ಇಲ್ಲವೋ ಅನ್ನುವುದನ್ನಷ್ಟೇ ನೋಡುತ್ತಾರೆ. ನನಗೆ ಬೇಕಿದ್ದದ್ದು ತೀರ್ಮಾನ. ಅದನ್ನು ಕೊಡುವುದು ಕೋರ್ಟು ಮಾತ್ರ.

ಇಂಗ್ಲೆಂಡಿನಲ್ಲಿ 10,000 ಪೌಂಡಿನವರೆಗಿನ ಇಂಥ ಕ್ಲೇಮುಗಳಿಗೆ ಕೌಂಟಿ ಕೋರ್ಟಿನಲ್ಲಿ ಸ್ಮಾಲ್ ಕ್ಲೇಮ್ಸ್ ಅಂತ ದಾರಿ ಇದೆ. ವಕೀಲರು ಬೇಕೇ ಬೇಕು ಅಂತಿಲ್ಲ. ಸೋತರೂ ಎದುರಿನವರ ವಕೀಲರ ದೊಡ್ಡ ಫೀಸು ಸಾಮಾನ್ಯವಾಗಿ ನಮ್ಮ ತಲೆ ಮೇಲೆ ಬರುವುದಿಲ್ಲ. ಗಾಡಿಗೆ ಆದ ನಷ್ಟಕ್ಕೆ ಅಪಘಾತದಿಂದ 6 ವರ್ಷದೊಳಗೆ ಕೇಸು ಹಾಕಬಹುದು. ನನ್ನ ಮೊತ್ತಕ್ಕೆ ಕೇಸು ಹಾಕಲು 50 ಪೌಂಡು, ವಿಚಾರಣೆಗೆ ಇನ್ನೊಂದು 59.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಒಂದು ಅಪಘಾತದಲ್ಲಿ ಒಂದು ಕಾರಿಗೆ ಆದ ನಷ್ಟಕ್ಕೆ ಎರಡು ಸಲ ಕೋರ್ಟಿಗೆ ಹೋಗಲು ಬಿಡುವುದಿಲ್ಲ. ಕಂಪನಿ ರಿಪೇರಿ ದುಡ್ಡಿಗೆ ಮೊದಲೇ ಕೇಸು ಹಾಕಿ ಮುಗಿಸಿದರೆ ನಮ್ಮ ಎಕ್ಸೆಸ್ ಹೊರಗುಳಿದು ಸಿಕ್ಕಿಹಾಕಿಕೊಳ್ಳಬಹುದು. ನಾವು ಮೊದಲು ಹೋದರೆ ಅವರ ದುಡ್ಡು ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ ಕೇಸು ಹಾಕುವ ಮೊದಲು ನನ್ನ ಕಂಪನಿಗೆ ತಿಳಿಸಿದೆ. 50-50 ಮಾಡಬೇಡಿ, ನನ್ನ ಕೇಸಿನಲ್ಲಿ ಏನಾಗುತ್ತದೋ ಅದನ್ನೇ ನಿಮ್ಮ ದುಡ್ಡಿಗೂ ಅನ್ವಯಿಸಿಕೊಳ್ಳಿ ಅಂತ ಕೇಳಿದೆ. ಎರಡು ಕಂಪನಿಗಳೂ ಅದಕ್ಕೆ ಬರವಣಿಗೆಯಲ್ಲಿ ಒಪ್ಪಿದವು. ಆ ಒಂದು ಇಮೇಲ್ ಬರುವವರೆಗೆ ನಾನು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಯಾರೇ ಈ ದಾರಿ ಹಿಡಿದರೂ ಇಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಎದುರಿನವರ ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆದು ದುಡ್ಡು ಕೇಳಿದೆ. ಇಲ್ಲ ಅಂದರು. ಸೆಪ್ಟೆಂಬರಿನಲ್ಲಿ ಆನ್‌ಲೈನಿನಲ್ಲಿ ಕೇಸು ಹಾಕಿದೆ, ಕಂಪನಿಗೂ ನೋಟಿಸ್ ಕಳಿಸಿದೆ. ಆ ನೋಟಿಸನ್ನು ಕೇಸು ಹಾಕುವ ಮೊದಲು, ಇಲ್ಲವೇ ಹಾಕಿದ 7 ದಿನದೊಳಗೆ ಕೊಡಬೇಕು. ಆಗ ತೀರ್ಪಿನ ದುಡ್ಡು ಕಟ್ಟುವ ಹೊಣೆಯಿಂದ ಕಂಪನಿ ಜಾರಿಕೊಳ್ಳುವ ಹಾಗಿಲ್ಲ. 1988ರ ರೋಡ್ ಟ್ರಾಫಿಕ್ ಆಕ್ಟಿನಲ್ಲಿ ಇದೆ ಇದು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯೂ 1988ರದ್ದೇ. ಅಪ್ಪನಿಗೆ ಹೇಳಿದಾಗ ಅವರಿಗೆ ಅದು ತುಂಬ ಇಷ್ಟವಾಯಿತು. ಆಮೇಲೆ ಯಾರ ಹತ್ತಿರ ಮಾತಾಡಿದರೂ "ಎರಡು ಕಡೇನೂ ಎಂಬತ್ತೆಂಟರ ಆಕ್ಟೇ" ಅಂತ ಸೇರಿಸುತ್ತಿದ್ದರು.

ಕೇಸನ್ನು ನಾನು ಹಾಕಿದ್ದು ಆ ಹಿರಿಯರ ಮೇಲೆಯೇ. ಫಾರಮ್ಮಿನಲ್ಲಿ ಅವರ ಹೆಸರು ಟೈಪ್ ಮಾಡುವಾಗ ಬೆರಳು ತಡೆಯಿತು. ಅವರ ಹೆಂಡತಿ ಆ ಸಂಜೆ ನನ್ನ ಕೈ ಹಿಡಿದು "ಮನೆಗೆ ಹೋಗಿ ಬಿಸಿ ಟೀ ಕುಡಿ" ಅಂದಿದ್ದರು.

ವಿಚಾರಣೆ 2024ರ ಫೆಬ್ರವರಿಯಲ್ಲಿ. ಕೋರ್ಟು ಅಂದರೆ ನನ್ನ ಕಣ್ಣ ಮುಂದೆ ಹಾಸನದ ಕೋರ್ಟಿನ ಹೊರಗಿನ ಜನ, ಟೈಪ್‌ರೈಟರು, ಕರಿಕೋಟು. ಇಲ್ಲಿ ಅದು ಆಫೀಸಿನ ಮೀಟಿಂಗ್ ರೂಮಿನ ಹಾಗಿತ್ತು. ಒಂದು ಉದ್ದದ ಟೇಬಲ್ಲು, ನೀರಿನ ಜಗ್ಗು. ಜಡ್ಜ್ ಸಾಮಾನ್ಯ ಕೋಟಿನಲ್ಲಿದ್ದ ಹೆಂಗಸು. ಅವರನ್ನು ಬರೀ ಜಡ್ಜ್ ಅಂತ ಕರೆದರೆ ಸಾಕು. ಎದುರು ಕಡೆಗೆ ಕಂಪನಿ ಕಳಿಸಿದ ಒಬ್ಬ ಚಿಕ್ಕ ವಯಸ್ಸಿನ ವಕೀಲ. ಅವನ ಪಕ್ಕ ಆ ಹಿರಿಯರು. ಒಬ್ಬರೇ ಬಂದಿದ್ದರು.

"15 ತಿಂಗಳ ಹಿಂದಿನ ಮಾತು. ಇಷ್ಟು ನಿಖರವಾಗಿ ಹೇಗೆ ನೆನಪಿದೆ?" ಅಂತ ವಕೀಲ ಕೇಳಿದ. ಸರಿಯಾದ ಪ್ರಶ್ನೆಯೇ. "ನೆನಪಿನಿಂದ ಹೇಳುತ್ತಿಲ್ಲ, ಅವತ್ತು ರಾತ್ರಿ ಬರೆದದ್ದನ್ನು ನೋಡಿ ಹೇಳುತ್ತಿದ್ದೇನೆ" ಅಂದೆ. ಜಡ್ಜ್ ಆ ಹಾಳೆ ಇರುವ ಪುಟ ತೆಗೆದರು. ಅಸಲು ಹಾಳೆ ತಂದಿದ್ದೀರಾ ಅಂತ ಕೇಳಿದರು. ಕೊಟ್ಟೆ. ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಸ್ಕೂಲಿನವರು ಹಾಕಿದ್ದ ತಾರೀಕಿತ್ತು. ಅಪಘಾತದ ಹಿಂದಿನ ದಿನದ್ದು. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅವರು ಏನೂ ಹೇಳಲಿಲ್ಲ, ಒಂದು ಸಾಲು ಬರೆದುಕೊಂಡರು.

ಹಿರಿಯರಿಗೆ ಟೈರಿನ ಫೋಟೋ ತೋರಿಸಿದರು. ಅಂಚಿನ ಕಲ್ಲಿಗೆ ಇಷ್ಟು ಹತ್ತಿರ ಇರುವ ಕಾರು ನಿಮ್ಮ ಲೇನಿಗೆ ಹೇಗೆ ಬಂದೀತು ಅಂತ ಕೇಳಿದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತುಂಬ ಹೊತ್ತು ಫೋಟೋ ನೋಡಿದರು. "ನನಗೆ ಹಾಗನ್ನಿಸಿತ್ತು" ಅಂದರು. ಅಷ್ಟೇ ಅಂದರು.

ಆಮೇಲೆ ಜಡ್ಜ್ ನನ್ನ ಕಡೆ ತಿರುಗಿದರು. "ತಾಗುವ ಮೊದಲು ನೀವು ಬಲಗಡೆಯ ಕನ್ನಡಿ ನೋಡಿದಿರಾ?"

ನೋಡಿದೆ ಅಂದುಬಿಡಬಹುದಿತ್ತು. ಇಲ್ಲ ಅನ್ನಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಇಷ್ಟು ತಿಂಗಳು ನಾನು ಹಟ ಹಿಡಿದದ್ದು ನಡೆದದ್ದು ನಡೆದ ಹಾಗೆ ದಾಖಲಾಗಲಿ ಅಂತ. "ಇಲ್ಲ. ನಾನು ಹೊರಗೆ ಹೋಗುವ ರಸ್ತೆಯನ್ನು ನೋಡುತ್ತಿದ್ದೆ" ಅಂದೆ.

ತೀರ್ಪು ಅಲ್ಲೇ, ಹತ್ತು ನಿಮಿಷದಲ್ಲಿ ಹೇಳಿದರು. ಲೇನ್ ಬಿಟ್ಟು ಬಂದದ್ದು ಎದುರಿನವರು. ಗಾಜು ಬಿದ್ದ ಜಾಗ, ಅಂಚಿನ ಕಲ್ಲು, ಗೀರಿನ ದಿಕ್ಕು ಮೂರೂ ಅದನ್ನೇ ಹೇಳುತ್ತವೆ. ಆದರೆ ರೌಂಡ್‌ಅಬೌಟಿನಲ್ಲಿ ಪಕ್ಕದ ಗಾಡಿ ಅಡ್ಡ ಬರಬಹುದು ಅಂತ ಎಲ್ಲರೂ ಎಚ್ಚರವಾಗಿರಬೇಕು, ಒಂದು ಸಲ ಬಲಕ್ಕೆ ನೋಡಿದ್ದರೆ ಬ್ರೇಕ್ ಹಾಕಲು ಹೊತ್ತಿತ್ತು. ಅದಕ್ಕೆ ನನ್ನ ಪಾಲು 20 ಪರ್ಸೆಂಟ್. 450ರಲ್ಲಿ 360, ಕೋರ್ಟಿನ ಫೀಸು 109 ಪೂರ್ತಿ, ಸ್ವಲ್ಪ ಬಡ್ಡಿ.

ಮೊದಲ ಗಳಿಗೆ ಆ 20 ಚುಚ್ಚಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಮತ್ತೆ ಮತ್ತೆ ಯೋಚಿಸಿದೆ. ನಾನು ನೋಡಿರಲಿಲ್ಲ, ನಿಜ. ಕಂಪನಿ ಯಾರನ್ನೂ ಏನೂ ಕೇಳದೆ ಹಾಕಿದ್ದ 50ನ್ನು ನುಂಗಲು ನನಗೆ ಆಗಿರಲಿಲ್ಲ. ಇಬ್ಬರ ಮಾತನ್ನೂ ಕೇಳಿ, ಫೋಟೋ ನೋಡಿ, ಹಾಳೆ ತಿರುಗಿಸಿ ನೋಡಿ ಹಾಕಿದ 20ನ್ನು ಒಪ್ಪಿಕೊಳ್ಳಲು ಆಯಿತು. ಎರಡರ ನಡುವೆ ಅಷ್ಟು ವ್ಯತ್ಯಾಸ ಇದೆ ನನ್ನ ಮಟ್ಟಿಗೆ. ಹೊರಗೆ ಬಾಗಿಲ ಹತ್ತಿರ ಆ ಹಿರಿಯರು ಸಿಕ್ಕಿದ್ದರು. ಕೈ ಮುಂದೆ ಚಾಚಿದರು. ನಿಮ್ಮ ಹೆಂಡತಿ ಹೇಗಿದ್ದಾರೆ ಅಂತ ಕೇಳಿದೆ. ಮಂಡಿನೋವು, ಹೊರಗೆ ಬರುವುದು ಕಡಿಮೆ ಅಂದರು.

ದುಡ್ಡು ಮಾರ್ಚಿನಲ್ಲಿ ಖಾತೆಗೆ ಬಂತು. 20 ಪರ್ಸೆಂಟ್ ಇದ್ದದ್ದರಿಂದ ನೋ ಕ್ಲೇಮ್ಸ್ ಬೋನಸ್ ಪೂರ್ತಿ ಉಳಿಯಲಿಲ್ಲ. ಆ ವರ್ಷ ಪಾಲಿಸಿ ನವೀಕರಿಸುವಾಗ ಲೀಗಲ್ ಕವರ್ ತೆಗೆದುಕೊಂಡೆ. ಅದರಲ್ಲೂ ಒಂದು ಷರತ್ತು ಇದೆ. ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದೆ ಅಂತ ಅವರಿಗೆ ಅನ್ನಿಸಿದರೆ ಮಾತ್ರ ವಕೀಲರನ್ನು ಕೊಡುತ್ತಾರೆ. ಹಾಗಾಗಿ ಅದಿದ್ದರೂ ಫೋಟೋ ತೆಗೆಯುವುದು ತಪ್ಪುವುದಿಲ್ಲ. ಡ್ಯಾಶ್‌ಕ್ಯಾಮ್ ಕೂಡ ಹಾಕಿಸಿದೆ, ಮುಂದೊಂದು ಹಿಂದೊಂದು. ವೃತ್ತದೊಳಗೆ ಈಗ ಪ್ರತಿ ಸಲ ಬಲಗಡೆಯ ಕನ್ನಡಿ ನೋಡುತ್ತೇನೆ.

ವಿಚಾರಣೆ ಮುಗಿದ ದಿನ ಸಂಜೆ ಅಪ್ಪನಿಗೆ ಎಲ್ಲ ಹೇಳಿದ್ದೆ. ಜಡ್ಜ್ ನಕ್ಷೆ ನೋಡಿದ್ದು, ಅಸಲು ಕೇಳಿದ್ದು, ತಿರುಗಿಸಿ ನೋಡಿದ್ದು. ಅವರು ಅದನ್ನು ಎರಡು ಸಲ ಹೇಳಿಸಿದರು. "ಆ ಹಾಳೆ ಇನ್ನೊಂದ್ಸಲ ಕಳ್ಸು ನೋಡಣ" ಅಂದರು. ವಾಟ್ಸಾಪಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು.

"ಚೆನ್ನಾಗೈತೆ ಪುಟ್ಟಿ. ಅಳತೆ ಎಲ್ಲ ಸರಿಯಾಗಿ ಬಂದೈತೆ. ಆದ್ರೆ ಅವತ್ತು ನಾನೂ ಹೇಳೋದು ಮರ್ತೆ ನೋಡು. ಉತ್ತರ ದಿಕ್ಕು ಎಲ್ಲಿ?"

ಫೋನಿನ ಕಾಂಪಾಸ್ ತೆರೆದು ಹಾಳೆಯನ್ನು ಟೇಬಲ್ಲಿನ ಮೇಲೆ ತಿರುಗಿಸಿ ಇಟ್ಟೆ. ಮೂಲೆಯಲ್ಲಿ ಒಂದು ಸಣ್ಣ ಬಾಣ ಎಳೆದು, ಪಕ್ಕದಲ್ಲಿ "ಉ" ಅಂತ ಬರೆದೆ.